ನಕ್ಷತ್ರ ಆಮೆ ಕೊಳ್ಳುವವರು ಊರಿಗೆ ಬಂದರೆ

ಮುಂಗಾರಿನ ಹದಮಳೆ ಬಿದ್ದು ಕಡಲೆಕಾಯಿ ಬಿತ್ತನೆಗೆ ನೆಲ ಸಿದ್ಧವಾಗುವ ಹೊತ್ತಿಗೆ ಮಡಕಶಿರಾ, ರಾಯದುರ್ಗದ ಕಡೆಯ ಕುರುಚಲು ಕಾಡುಗಳಲ್ಲಿಯೂ ಹೊಲದ ಬದುಗಳಲ್ಲಿಯೂ ನಕ್ಷತ್ರ ಆಮೆ ಹೊರಕ್ಕೆ ಬರುತ್ತದೆ. ಬೇಸಗೆಯೆಲ್ಲ ಮೆಳೆಯ ಬುಡದಲ್ಲಿ ಅಡಗಿದ್ದ ಪ್ರಾಣಿ ಎಳೆ ಹುಲ್ಲನ್ನು ಕಂಡು ಹೊರಡುತ್ತದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣದಂತೆ ಹರಡಿರುವುದರಿಂದ ಇದಕ್ಕೆ ಈ ಹೆಸರು. ದನ ಕಾಯುವ ಹುಡುಗರಿಗೆಲ್ಲ ಇದರ ಪರಿಚಯವುಂಟು. ಇದು ಓಡಲಾರದು, ಕಚ್ಚಲು ಬಾರದು. ಹೆದರಿದರೆ ತಲೆ ಕಾಲು ಒಳಕ್ಕೆ ಎಳೆದುಕೊಂಡು ಕಲ್ಲಿನಂತೆ ಬಿದ್ದಿರುತ್ತದೆ. ಇದನ್ನು ಹಿಡಿಯಲು ಬಲೆ ಬೇಡ, ಕೋವಿ ಬೇಡ. ಬಾಗಿ ಎತ್ತಿಕೊಂಡರೆ ಸಾಕು. ಅದೇ ಇದಕ್ಕೆ ಮುಳುವಾಗಿದೆ, ಎತ್ತಿಕೊಂಡವನಿಗೂ ಮುಳುವಾಗುತ್ತಿದೆ.

ಹೇಗೆಂಬುದನ್ನು ರೈತ ಬಾಂಧವರು ಸ್ವಲ್ಪ ಗಮನವಿಟ್ಟು ಓದಬೇಕು. ಈ ಆಮೆಯನ್ನು ಹೊರದೇಶಗಳಲ್ಲಿ ಮನೆಯಲ್ಲಿ ಸಾಕುವ ಷೋಕಿ ಇದೆ. ಅಲ್ಲಿಯ ಬೇಡಿಕೆಗಾಗಿ ಇಲ್ಲಿ ದಳ್ಳಾಳಿಗಳು ಹಳ್ಳಿ ಸುತ್ತುತ್ತಾರೆ. ಹುಡುಗರಿಗೂ ಕೂಲಿಯವರಿಗೂ ಅಷ್ಟಿಷ್ಟು ಕಾಸು ಕೊಟ್ಟು ಆಮೆ ತರಿಸುತ್ತಾರೆ. ಅವು ಒಂದು ಕಡೆ ಗುಡ್ಡೆಯಾಗಿ, ಚೀಲ ಪೆಟ್ಟಿಗೆಗಳಲ್ಲಿ ಬಸ್ಸು ರೈಲುಗಳ ಮೂಲಕ ದೊಡ್ಡ ಪಟ್ಟಣ ಸೇರಿ, ವಿಮಾನ ಹತ್ತುವವರ ಬಟ್ಟೆಗಂಟಿನಲ್ಲಿ ಅಡಗಿ ಹೊರಕ್ಕೆ ಹೋಗುತ್ತವೆ. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಭಾರತದ ಒಂದೇ ಒಂದು ಸಂಗ್ರಹ ಸ್ಥಳದಿಂದ ವರ್ಷವೊಂದರಲ್ಲಿ ಕಡಮೆಯೆಂದರೂ 55,000 ನಕ್ಷತ್ರ ಆಮೆಗಳನ್ನು ಹಿಡಿದು ಸಾಗಿಸಲಾಗಿತ್ತು. ದಾರಿಯಲ್ಲಿ ನೀರಿಲ್ಲದೆ, ಗಾಳಿಯಿಲ್ಲದೆ ಸಾಯುವವು ಬಹಳ. ಹೆಣ್ಣಾಮೆ ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು, ಇಡುವ ಮೊಟ್ಟೆಯೂ ಒಂದು ಸಲಕ್ಕೆ ಕೆಲವೇ. ಹೀಗಿರುವಲ್ಲಿ ಮಳೆಗಾಲಕ್ಕೊಮ್ಮೆ ಮೂಟೆ ಕಟ್ಟಿದರೆ ಬದುವಿನಲ್ಲಿ ಉಳಿಯುವುದೇನು?

ಈಗ ಕಾಯಿದೆಯ ಮಾತು. ಕಾಡುಪ್ರಾಣಿಗಳ ರಕ್ಷಣೆಗಾಗಿ ಇರುವ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ನೆಯ ಇಸವಿಯದು. ಅದರ ಕೊನೆಯಲ್ಲಿ ಪಟ್ಟಿಗಳಿವೆ; ಪ್ರಾಣಿ ಯಾವ ಪಟ್ಟಿಯಲ್ಲಿದೆಯೋ ಅದರಂತೆ ಶಿಕ್ಷೆ. ನಕ್ಷತ್ರ ಆಮೆ ಬಹುಕಾಲ ನಾಲ್ಕನೆಯ ಪಟ್ಟಿಯಲ್ಲಿತ್ತು. ಆಗ ಶಿಕ್ಷೆ ಮೂರು ವರ್ಷದವರೆಗಿನ ಸಜೆ, ಇಲ್ಲವೆ 25,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ಇಲಾಖೆಯ ಅಧಿಕಾರಿಯ ಮುಂದೆಯೇ ಹಣ ಕಟ್ಟಿ ರಾಜಿಯಾಗುವುದಕ್ಕೂ ದಾರಿಯಿತ್ತು. ಆದುದರಿಂದ ದಳ್ಳಾಳಿಗಳು ‘ಸಿಕ್ಕಿಬಿದ್ದರೆ ದಂಡ ನಾವು ಕಟ್ಟುತ್ತೇವೆ, ನಿನಗೇನು ಭಯ’ ಎಂದು ಧೈರ್ಯ ಹೇಳುತ್ತಿದ್ದರು. ಇಂದಿಗೂ ಹಾಗೆಯೇ ಹೇಳುವವರಿದ್ದಾರೆ.

ಆದರೆ ಆ ಕಾಲ ಹೋಯಿತು. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಕ್ಷತ್ರ ಆಮೆ ಈಗ ಮೊದಲನೆಯ ಪಟ್ಟಿಯಲ್ಲಿದೆ. ಹುಲಿ, ಆನೆಗಳಿರುವ ಪಟ್ಟಿ ಅದು! ಶಿಕ್ಷೆ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗಿನ ಸಜೆ. ಅದರ ಜೊತೆಗೆ 25,000 ರೂಪಾಯಿಗೆ ಕಡಮೆಯಿಲ್ಲದ ದಂಡ. ಎರಡನೆಯ ಸಲ ಸಿಕ್ಕಿದರೆ ದಂಡ ಒಂದು ಲಕ್ಷಕ್ಕೆ ಕಡಮೆಯಿರಕೂಡದು. ಇಷ್ಟು ಕನಿಷ್ಠ ಸಜೆ ಇರುವ ಅಪರಾಧವನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಕಾಯಿದೆ ಬಿಡುವುದಿಲ್ಲ. ಜಾಮೀನು ಸಹ ಕೇಳಿದೊಡನೆ ಸಿಕ್ಕುವ ಹಕ್ಕಲ್ಲ. ಕೋರ್ಟು ಕೊಟ್ಟರೆ ಉಂಟು. ದಂಡ ಕಟ್ಟುತ್ತೇನೆಂದ ದಳ್ಳಾಳಿ ನಿಮ್ಮ ಬದಲು ಜೈಲಿನಲ್ಲಿ ಕೂರುವನೇ?

ಇನ್ನೊಂದು ಅಂಶ ಬಹಳ ಜನಕ್ಕೆ ತಿಳಿಯದು. ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಹಿಡಿಯಲು ಪ್ರಯತ್ನಿಸುವುದು, ಇಂಥ ಪ್ರಾಣಿಗಳ ಮೊಟ್ಟೆ ಕೆಡಿಸುವುದು ಇವೆಲ್ಲ ಬೇಟೆಯೇ. ಮಾರುವ ಉದ್ದೇಶವಿಲ್ಲದೆ ಮಗು ಆಡಲೆಂದು, ಮನೆಗೆ ಶುಭವೆಂದು ತೊಟ್ಟಿಯಲ್ಲಿ ಬಿಟ್ಟುಕೊಂಡರೂ ತಪ್ಪು. ಮೇಲಾಗಿ ಪ್ರಾಣಿ ನಿಮ್ಮ ವಶದಲ್ಲಿತ್ತೆಂದು ಸಿದ್ಧವಾದ ಮೇಲೆ ಅದು ಅಕ್ರಮವೆಂದೇ ಕೋರ್ಟು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ‘ಯಾರೋ ಚೀಲ ಇಟ್ಟು ಹೋದರು, ಒಳಗೇನಿದೆಯೋ ನನಗೆ ತಿಳಿಯದು’ ಎಂಬ ಮಾತು ಅಷ್ಟು ಸುಲಭವಾಗಿ ನಡೆಯದು. ಆಟೋ, ಮೋಟಾರ್ ಸೈಕಲ್ಲು ಬಾಡಿಗೆಗೆ ಕೊಟ್ಟವರೂ ಇದನ್ನು ನೆನಪಿನಲ್ಲಿಡಬೇಕು. ಸಾಗಣೆಗೆ ಬಳಸಿದ ಗಾಡಿ ಜಪ್ತಿಯಾಗುತ್ತದೆ. ಸಾಲ ಮಾಡಿ ಕೊಂಡ ಗಾಡಿಯಾದರೂ ಅಷ್ಟೆ.

ಗಡಿಯಲ್ಲಿರುವ ನಮಗೆ ಒಂದು ತಪ್ಪು ತಿಳಿವಳಿಕೆಯುಂಟು. ಪಾವಗಡ, ಸಿರಾ, ಮೊಳಕಾಲ್ಮೂರು, ಚಳ್ಳಕೆರೆ ಎಲ್ಲ ಒಂದು ಹೆಜ್ಜೆಯ ಆಚೆ. ಕರ್ಣಾಟಕದಲ್ಲಿ ಹಿಡಿದು ಆಂಧ್ರಕ್ಕೆ ತಂದರೆ, ಅಥವಾ ಇಲ್ಲಿಂದ ಆ ಕಡೆಗೆ ದಾಟಿಸಿದರೆ ಕೇಸು ನಿಲ್ಲದೆಂದು ಕೆಲವರು ಹೇಳುತ್ತಾರೆ. ಹೆಂಡ, ಮರಳುಗಳ ವಿಷಯದಲ್ಲಿ ರಾಜ್ಯಕ್ಕೊಂದು ನಿಯಮವಿರುವುದರಿಂದ ಈ ಭ್ರಮೆ ಬಂದಿರಬಹುದು. ವನ್ಯಜೀವಿ ಕಾಯಿದೆ ಕೇಂದ್ರ ಸರಕಾರದ್ದು. ಗಡಿಯ ಎರಡು ಕಡೆಯೂ ಒಂದೇ. ರಾಜ್ಯಗಳನ್ನು ದಾಟುವ ಇಂಥ ವ್ಯಾಪಾರವನ್ನು ಪತ್ತೆಮಾಡಲೆಂದೇ 2007ರಿಂದ ವನ್ಯಜೀವಿ ಅಪರಾಧ ನಿಯಂತ್ರಣ ಸಂಸ್ಥೆ ಕೆಲಸ ಮಾಡುತ್ತಿದೆ. ಅದರ ಪ್ರಾಂತೀಯ ಕಚೇರಿಗಳಲ್ಲಿ ಒಂದು ಚೆನ್ನೈಯಲ್ಲಿದೆ. ಈ ಸಂಸ್ಥೆ 2016ರ ಡಿಸೆಂಬರಿನಿಂದ 2017ರ ಜನವರಿ ಕೊನೆಯವರೆಗೆ ಹಲವು ರಾಜ್ಯಗಳ ಅಧಿಕಾರಿಗಳನ್ನು ಕೂಡಿಸಿ ನಡೆಸಿದ ಒಂದು ಕಾರ್ಯಾಚರಣೆಯಲ್ಲಿ ನೀರಾಮೆ ನೆಲದಾಮೆ ಸೇರಿ 15,739 ಜೀವಂತ ಆಮೆಗಳು ಸಿಕ್ಕವು, 45 ಮಂದಿ ಆರೋಪಿಗಳಾದರು.

ಸಿಕ್ಕಿದ ಮೇಲೆ ಏನಾಗುತ್ತದೆ? ಅರಣ್ಯಾಧಿಕಾರಿಗಳಿಗೂ ಸಬ್ ಇನ್ಸ್‌ಪೆಕ್ಟರಿಗೆ ಕಡಮೆಯಲ್ಲದ ಪೋಲೀಸು ಅಧಿಕಾರಿಗೂ ತಪಾಸಣೆ ಮಾಡುವ, ಹಿಡಿದು ನಿಲ್ಲಿಸುವ ಅಧಿಕಾರವಿದೆ. ಪಂಚರ ಮುಂದೆ ಮಹಜರು ಬರೆಯುತ್ತಾರೆ. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನ ಕೊಟ್ಟ ಹಕ್ಕು. ನಮ್ಮ ಕಡೆಯಲ್ಲಿ ಕಾಗದ ಪತ್ರವೆಲ್ಲ ತೆಲುಗಿನಲ್ಲಿರುತ್ತದೆ. ಕನ್ನಡ ಮಾತ್ರ ಓದಬಲ್ಲವರು, ಅಥವಾ ಯಾವುದನ್ನೂ ಓದಲಾರದವರು, ಅದನ್ನು ಓದಿಸಿ ಕೇಳಿ ತಿಳಿದ ಮೇಲೆಯೇ ಸಹಿ ಹೆಬ್ಬೆಟ್ಟು ಹಾಕತಕ್ಕದ್ದು. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಅವರಿಗಿಂತ ಮೇಲಿನ ಅಧಿಕಾರಿಗಳು ಆರೋಪಿಯ ಎದುರಿನಲ್ಲಿ ದಾಖಲಿಸಿದ ಸಾಕ್ಷ್ಯ ಮುಂದೆ ವಿಚಾರಣೆಯಲ್ಲಿ ಸಲ್ಲುತ್ತದೆ. ಅಲ್ಲಿ ಆಡಿದ್ದು ಗಾಳಿಗೆ ಹೋಗುವ ಮಾತಲ್ಲ. ಬಂಧನದಲ್ಲಿರುವವನು ಬಡವನಾಗಲಿ ಅಲ್ಲದಿರಲಿ, 1987ರ ಕಾನೂನು ಸೇವಾ ಕಾಯಿದೆಯಂತೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೇಳಬಹುದು. ಇದನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ಬಾಯಿಬಿಟ್ಟು ಕೇಳಬೇಕು. ವಕೀಲರಿಗಾಗಿ ಎತ್ತು ಮಾರಿದವರಿಗೆ ಈ ಅನುಕೂಲ ತಿಳಿದಿದ್ದರೆ ಎತ್ತಾದರೂ ಉಳಿಯುತ್ತಿತ್ತು.

ಇಂಥ ವ್ಯಾಪಾರದಲ್ಲಿ ಮೊದಲು ಸಿಕ್ಕುವವನು ಯಾವಾಗಲೂ ಕೆಳಗಿನವನೇ. ಗಿಡಮರಗಳ ಕಳ್ಳಸಾಗಣೆಯಲ್ಲೂ ಇದೇ ಕಥೆ. ಆಂಧ್ರದ ರಕ್ತಚಂದನ ಹೊರದೇಶಕ್ಕೆ ಕದ್ದು ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. 2015ರ ಏಪ್ರಿಲ್ 7ರಂದು ತಿರುಪತಿಯ ಬಳಿಯ ಶೇಷಾಚಲದ ಕಾಡಿನಲ್ಲಿ ಪೋಲೀಸರ ಗುಂಡಿಗೆ 20 ಮಂದಿ ಸತ್ತರು. ಅವರು ಮರ ಕಡಿಯಲೆಂದು ತಮಿಳುನಾಡಿನಿಂದ ಬಂದವರೆಂದು ಹೇಳಲಾಯಿತು. ಆ ಗೋಲಿಬಾರಿನ ನ್ಯಾಯಾನ್ಯಾಯದ ಬಗ್ಗೆ ದೊಡ್ಡ ವಿವಾದವೇ ನಡೆಯಿತು. ಆದರೆ ಸತ್ತವರ ಪೈಕಿ ಹಡಗು ತುಂಬಿಸಿ ಕಳಿಸುವ ಸಾಹುಕಾರ ಒಬ್ಬನೂ ಇರಲಿಲ್ಲ. ಇಲಾಖೆಗಳ ಮೇಲೆ ಈ ಲೇಖಕನ ದೂರೂ ಇದೇ: ಚೀಲ ಹೊತ್ತವನನ್ನು ಹಿಡಿದು ಲೆಕ್ಕ ಬರೆದರೆ ವ್ಯಾಪಾರ ನಿಲ್ಲದು, ಚೀಲ ಯಾರಿಗೆ ಹೋಗುತ್ತಿತ್ತೆಂಬುದರ ತನಕ ಹೋಗಬೇಕು. ಅಲ್ಲಿಗೆ ಹೋಗಲು ಹಳ್ಳಿಯವರ ಸಾಕ್ಷಿ ಬೇಕು, ಹಳ್ಳಿಯವರೋ ಹೆದರಿ ಬಾಯಿ ಮುಚ್ಚಿರುತ್ತಾರೆ.

ಎರಡು ತಲೆ ಹಾವಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಣ್ಣುಮುಕ್ಕ ಎಂದು ಕೆಲವರು ಕರೆಯುವ ಈ ಹಾವಿಗೆ ತಲೆ ಒಂದೇ. ಬಾಲ ಮೊಂಡಾಗಿರುವುದರಿಂದ ಎರಡೆಂದು ತೋರುತ್ತದೆ. ವಿಷವಿಲ್ಲ. ಇಲಿ ಹಿಡಿದು ತಿನ್ನುವುದರಿಂದ ಹೊಲಕ್ಕೆ ಉಪಕಾರಿ. ಇದು ಮನೆಯಲ್ಲಿದ್ದರೆ ಹಣ ಬರುವುದೆಂದೂ ತೂಕ ಹೆಚ್ಚಿದಷ್ಟೂ ಲಕ್ಷಗಟ್ಟಲೆ ಬೆಲೆಯೆಂದೂ ಹಬ್ಬಿಸಿ, ಮುಂಗಡ ಕೇಳಿ, ಕೊಳ್ಳುವವನಿಗೂ ಮಾರುವವನಿಗೂ ಟೋಪಿ ಹಾಕುವ ಪಟಾಲಮ್ಮುಗಳಿವೆ. ಇದನ್ನು ಹಿಡಿಯುವುದೂ ಅಪರಾಧವೇ. ಹಾವಿನಿಂದ ಶ್ರೀಮಂತನಾದವನನ್ನು ನಿಮ್ಮ ಸುತ್ತು ಹತ್ತು ಊರುಗಳಲ್ಲಿ ಯಾರಾದರೂ ಕಂಡದ್ದುಂಟೆ?

ಹೊರದೇಶದಲ್ಲಿಯೂ ಈಗ ಬಾಗಿಲು ಬಿಗಿಯಾಗಿದೆ. ಅಳಿದುಹೋಗುವ ಪ್ರಾಣಿ ಸಸ್ಯಗಳ ವ್ಯಾಪಾರದ ಬಗ್ಗೆ ರಾಷ್ಟ್ರಗಳು ಮಾಡಿಕೊಂಡಿರುವ ಸೈಟಿಸ್ ಎಂಬ ಒಪ್ಪಂದದಲ್ಲಿ, 2019ರಲ್ಲಿ ಜಿನೀವಾದಲ್ಲಿ ಸೇರಿದ ಸಭೆ ನಕ್ಷತ್ರ ಆಮೆಯನ್ನು ಅತ್ಯಂತ ಕಟ್ಟುನಿಟ್ಟಿನ ಮೊದಲನೆಯ ಅನುಬಂಧಕ್ಕೆ ಏರಿಸಿತು. ಕಾಡಿನಿಂದ ಹಿಡಿದ ಆಮೆಯನ್ನು ದೇಶ ದೇಶಗಳ ನಡುವೆ ವ್ಯಾಪಾರಕ್ಕೆ ಸಾಗಿಸುವಂತಿಲ್ಲ. ಅದಕ್ಕೆ ಮುಂಚೆ 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ತರಲು ಎಷ್ಟು ಕಾಗದ ಪತ್ರ, ಎಷ್ಟು ಖರ್ಚು! ತಂದ ಮೇಲೂ ಒಡನೆ ಕಾಡಿಗೆ ಬಿಡುವಂತಿಲ್ಲ. ದೂರ ಹೋಗಿ ಬಂದ ಆಮೆ ರೋಗ ಹೊತ್ತು ತಂದಿರಬಹುದು. ವಾಯವ್ಯ ಭಾರತ, ದಕ್ಷಿಣ ಭಾರತ, ಸಿಂಹಳ ಇವುಗಳ ಆಮೆಗಳಲ್ಲಿ ತಳಿಯ ವ್ಯತ್ಯಾಸವೂ ಉಂಟು. ನಾಟಿ ರಾಸಿನ ಮಂದೆಗೆ ಗೊತ್ತಿಲ್ಲದ ಹೋರಿಯನ್ನು ಬಿಡಲು ನೀವು ಯೋಚಿಸುವುದಿಲ್ಲವೆ, ಹಾಗೆಯೇ.

ಆದುದರಿಂದ ಮಾಡತಕ್ಕದ್ದು ಇಷ್ಟು. ಉಳುವಾಗ ಸಾಲಿನಲ್ಲಿ ಆಮೆ ಸಿಕ್ಕರೆ ಅದೇ ಹೊಲದ ಬದುವಿನ ನೆರಳಿಗೆ ಸರಿಸಿ ಮುಂದೆ ಹೋಗಿರಿ. ಪುಣ್ಯ ಬರಲೆಂದು ಕೆರೆಗೆ ಎಸೆಯಬೇಡಿ, ಇದು ನೆಲದಾಮೆ, ಮುಳುಗಿ ಸಾಯುತ್ತದೆ. ಬದುವಿನ ಮೆಳೆಗೆ ಬೆಂಕಿಯಿಡುವ ಮುಂಚೆ ಬುಡವನ್ನು ಒಮ್ಮೆ ಕೋಲಿನಿಂದ ಕೆದಕಿ ನೋಡಿರಿ. ಯಾವ ರೀತಿಯಿಂದಲಾದರೂ ಆಮೆ ನಿಮ್ಮ ಕೈಗೆ ಬಂದುಬಿಟ್ಟರೆ 48 ಗಂಟೆಗಳೊಳಗೆ ಹತ್ತಿರದ ಪೋಲೀಸು ಠಾಣೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕೆಂದು ಕಾಯಿದೆ ಹೇಳುತ್ತದೆ. ಒಬ್ಬರೇ ಹೋಗಬೇಡಿ, ಊರಿನ ಒಬ್ಬಿಬ್ಬರು ತಿಳಿದವರ ಜೊತೆ ಹೋಗಿ, ಕೊಟ್ಟುದಕ್ಕೆ ತಾರೀಖು ಹಾಕಿದ ರಸೀತಿ ಕೇಳಿ ಪಡೆಯಿರಿ.

ದಳ್ಳಾಳಿ ಬಂದನೆಂದಾದರೆ ಅವನೊಡನೆ ಜಗಳಕ್ಕೆ ನಿಲ್ಲಬೇಡಿ. ಬಂದ ದಿನ, ಗಾಡಿಯ ನಂಬರು, ಕೊಟ್ಟ ಫೋನು ನಂಬರು ಇವನ್ನು ಬರೆದಿಟ್ಟು ಅರಣ್ಯ ಇಲಾಖೆಯ ರೇಂಜ್ ಅಧಿಕಾರಿಗೆ ಮುಟ್ಟಿಸಿರಿ. ಆಮೆ ಮೂಟೆ ಆಗಲೇ ಹೊರಟಿದ್ದರೆ 112ಕ್ಕೆ ಫೋನು ಮಾಡಬಹುದು. ಕೇಸು ಸಿದ್ಧವಾಗಿ ದಂಡ ವಸೂಲಾದರೆ ಪತ್ತೆಗೆ ನೆರವಾದವರಿಗೆ ಆ ದಂಡದ ಹಣದಲ್ಲಿ ಅರ್ಧದವರೆಗೆ ಬಹುಮಾನ ಕೊಡಿಸುವ ಅಧಿಕಾರ ಕೋರ್ಟಿಗೆ ಉಂಟು. ಬಹಳ ಕೋರ್ಟುಗಳಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ. ನೆರವಾದವರು ಸರಕಾರಿ ವಕೀಲರಿಗೆ ಮೊದಲೇ ತಿಳಿಸಿ ಅರಿಕೆ ಮಾಡಿಕೊಳ್ಳಬೇಕು.