ಅಜ್ಜಿ ಹುಂಜ ಎತ್ಕೊಂಡು ಹೋದರೆ ಬೆಳಗಾಗುತ್ತಾ?

ತನ್ನ ಹುಂಜ ಕೂಗಿದರೇನೇ ಊರಿಗೆ ಬೆಳಗಾಗೋದು ಅಂದುಕೊಂಡಿದ್ದ ಅಜ್ಜಿಯ ಕಥೆ ನಿಮಗೆ ಗೊತ್ತಿರುತ್ತೆ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೇ ಗೊತ್ತು ಅಂದಮೇಲೆ ನಿಮಗೆ ಗೊತ್ತಿಲ್ಲದೆ ಇರುತ್ತಾ? ಊರವರ ಮೇಲೆ ಮುನಿಸಿಕೊಂಡ ಅಜ್ಜಿ ಹುಂಜವನ್ನು ಎತ್ತಿಕೊಂಡು ಕಾಡಿಗೆ ಹೋಗ್ತಾಳೆ. ಮಾರನೇ ದಿನ ಸೂರ್ಯ ಆರಾಮಾಗಿ ಹುಟ್ಟುತ್ತಾನೆ. ಎಲ್ಲರೂ ನಗ್ತಾರೆ. ನೀತಿ: ಜಂಭ ಪಡಬಾರದು.

2024ರ ಮೇ ತಿಂಗಳಲ್ಲಿ ಇದೇ ಅಜ್ಜಿ ಕಾನ್ ಚಿತ್ರೋತ್ಸವಕ್ಕೆ ಹೋದಳು. ಕರೆದುಕೊಂಡು ಹೋದವರು ಚಿದಾನಂದ ಎಸ್. ನಾಯ್ಕ್. ಎಂಬಿಬಿಎಸ್ ಮುಗಿಸಿ, ಆಮೇಲೆ ಪುಣೆಯ ಎಫ್‌ಟಿಐಐ ಸೇರಿದವರು. ಅವರ 16 ನಿಮಿಷದ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ...' ಅಲ್ಲಿನ ವಿದ್ಯಾರ್ಥಿ ವಿಭಾಗ 'ಲಾ ಸಿನೆಫ್'ನಲ್ಲಿ ಮೊದಲ ಬಹುಮಾನ ಗೆದ್ದಿತು. ಬಹುಮಾನ 15,000 ಯೂರೋ. 555 ಫಿಲ್ಮ್ ಸ್ಕೂಲ್‌ಗಳಿಂದ ಬಂದ 2,263 ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾಗಿದ್ದೇ 18.

ಇದು ಒಂದು ವರ್ಷದ ಕೋರ್ಸಿನ ಕೊನೆಯ ಪ್ರಾಜೆಕ್ಟ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಫೈನಲ್ ಸಬ್ಮಿಷನ್! ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್, ಹೀಗೆ ಬೇರೆ ಬೇರೆ ವಿಭಾಗದವರು ಸೇರಿ ಮಾಡಿದ್ದು. ಶೂಟಿಂಗ್‌ಗೆ ಸಿಕ್ಕಿದ್ದು ನಾಲ್ಕೇ ದಿನ. ಅದರ ಮೇಲೆ ಸೂರ್ಯನೇ ಇಲ್ಲದ ಕಥೆ. ಲೈಟ್ ಜಾಸ್ತಿ ಆದರೆ ರಾತ್ರಿ ಅನ್ನಿಸಲ್ಲ, ಕಡಿಮೆ ಆದರೆ ಮುಖ ಕಾಣಲ್ಲ. ಹಗಲಲ್ಲಿ ಒಂದು ಶಾಟ್ ಮುಗಿಸಿಬಿಡೋಣ ಅನ್ನೋ ದಾರಿಯೂ ಇಲ್ಲ.

ಸೂರ್ಯ ಇಲ್ಲ ಅಂದ್ವಲ್ಲ, ಇರೋದೆಲ್ಲ ಅಲ್ಲೇ. ಈ ಚಿತ್ರದಲ್ಲಿ ಅಜ್ಜಿ ಊರಿನ ಹುಂಜವನ್ನು ಕದ್ದ ಮೇಲೆ ನಿಜವಾಗಿಯೂ ಬೆಳಗಾಗಲ್ಲ. ಊರು ಕತ್ತಲಲ್ಲಿ ಒದ್ದಾಡುತ್ತೆ. ಹುಂಜ ವಾಪಸ್ ಬರಲಿ ಅಂತ ಅಜ್ಜಿಯ ಮನೆಯವರನ್ನೇ ಊರಿಂದ ಆಚೆ ಕಳಿಸ್ತಾರೆ. ನಾವು ಕೇಳಿದ ಕಥೆಯಲ್ಲಿ ಅಜ್ಜಿ ಹೇಳಿದ್ದು ಸುಳ್ಳು, ಅದಕ್ಕೆ ನಗು. ಇಲ್ಲಿ ಅವಳು ಹೇಳಿದ್ದು ನಿಜ, ಅದಕ್ಕೆ ಶಿಕ್ಷೆ. ಯಾವುದು ಹೆಚ್ಚು ಕ್ರೂರ ಅಂತ ಕ್ಯಾಂಟೀನಲ್ಲಿ ಕೂತು ಜಗಳ ಆಡಿದ್ವಿ. ಇನ್ನೂ ಮುಗಿದಿಲ್ಲ.

ಜಾನಪದದ ಹೆಣ್ಣನ್ನು ಸಿನಿಮಾಗೆ ತಂದವರಲ್ಲಿ ಇವರೇ ಮೊದಲಿಗರೇನಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಹುಡುಗಿಯೊಬ್ಬಳು ಹೂವಿನ ಮರ ಆಗ್ತಾಳೆ. ಕೊಂಬೆ ಮುರಿದವರಿಂದಾಗಿ ತುಂಬ ದಿನ ಪೂರ್ತಿ ಹುಡುಗಿಯಾಗೋಕೆ ಆಗಲ್ಲ. ಅದನ್ನೇ ಗಿರೀಶ್ ಕಾರ್ನಾಡ್ 1992ರಲ್ಲಿ 'ಚೆಲುವಿ' ಅನ್ನೋ ಹಿಂದಿ ಚಿತ್ರ ಮಾಡಿದರು. ಇಂಥ ಕಥೆಗಳನ್ನು ಹೇಳ್ತಿದ್ದವರು ಹೆಚ್ಚಾಗಿ ಮನೆಯ ಹೆಂಗಸರೇ, ಮಕ್ಕಳಿಗೆ ಊಟ ಹಾಕ್ತಾ. ಅವರು ಹೇಳುವಾಗ ಕೊನೆಯಲ್ಲಿ 'ನೀತಿ' ಇತ್ತಾ ಅಂತ ನಮಗೆ ಅನುಮಾನ.

ನಮ್ಮಲ್ಲೊಬ್ಬಳ ಮನೆ ಬಸವೇಶ್ವರನಗರದಲ್ಲಿ. ಕಳೆದ ತಿಂಗಳು ಅವಳ ಅಜ್ಜಿ ಹತ್ತು ದಿನ ಮಗಳ ಮನೆಗೆ ಹೋಗಿದ್ದರು. ಕಾವೇರಿ ನೀರು ಯಾವಾಗ ಬರುತ್ತೆ, ಮೋಟಾರ್ ಯಾವಾಗ ಹಾಕಬೇಕು, ಯಾರಿಗೂ ಗೊತ್ತಿಲ್ಲ. ಮೂರನೇ ದಿನ ಟ್ಯಾಂಕ್ ಖಾಲಿ. ಅಜ್ಜಿಗೆ ಫೋನ್ ಮಾಡಿದರೆ, "ನಾನಿಲ್ದೆ ನಿಮಗೆ ಬೆಳಗಾಗಲ್ಲ ಬಿಡಿ" ಅಂದರಂತೆ.

ವಾಪಸ್ ಬಂದ ಮೇಲೆ ನಾವೆಲ್ಲ ಹೋಗಿ ಅವರಿಗೆ ಹುಂಜದ ಕಥೆ ಹೇಳಿದ್ವಿ. ಪೂರ್ತಿ ಕೇಳಿ, "ಅರ್ಧ ಕಥೆ ಕಲ್ತಿದ್ದೀರಾ" ಅಂದರು. ಅವರ ಕಥೆಯಲ್ಲಿ ಅಜ್ಜಿ ಹುಂಜದ ಜೊತೆ ಒಲೆಯ ಕೆಂಡವನ್ನೂ ತಗೊಂಡು ಹೋಗ್ತಾಳಂತೆ. "ಬೆಳಗಾದ್ರೆ ಆಯ್ತಾ? ಒಲೆ ಹಚ್ಚೋರ್ಯಾರು?"