ಹಬ್ಬದ ಊಟವೂ ಉಡಿದಾರವೂ



ಗೌರಿ-ಗಣೇಶನಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಗಳಲ್ಲಿ ಹಬ್ಬಗಳ ಸಾಲು. ಹಬ್ಬದ ದಿನ ಹೋಳಿಗೆ, ಕಡುಬು ಉಣ್ಣುವುದು ತಪ್ಪಲ್ಲ. ಹಿಂದೆ ಉಂಡದ್ದನ್ನು ಕೊಯ್ಲು, ಒಕ್ಕಣೆಗಳೇ ಕರಗಿಸುತ್ತಿದ್ದವು. ಈಗ ಅನೇಕ ಕಡೆ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಹೊಲಕ್ಕೆ ಹೋಗುವುದೂ ಬೈಕಿನ ಮೇಲೆ. ದುಡಿದು ಕಳೆಯದ ಆಹಾರ ಮೈಯಲ್ಲಿ ಕೊಬ್ಬಾಗಿ ನಿಲ್ಲುತ್ತದೆ.

ಈ ಹೆಚ್ಚಳ ಕಣ್ಣಿಗೆ ಕಾಣದಷ್ಟು ಸಣ್ಣದು. ಅಮೆರಿಕದಲ್ಲಿ 195 ಜನರನ್ನು ತೂಗಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ವರ್ಷಾಂತ್ಯದ ಹಬ್ಬಗಳ ಕಾಲದಲ್ಲಿ ಅವರ ತೂಕ ಏರಿದ್ದು ಸರಾಸರಿ 370 ಗ್ರಾಂ ಮಾತ್ರ. ಆದರೆ ಮುಂದಿನ ಬೇಸಿಗೆ ಕಳೆದರೂ ಅದು ಇಳಿಯಲಿಲ್ಲ. ವರ್ಷವರ್ಷವೂ ಹೀಗೆ ಕೂಡಿದರೆ ಹತ್ತು ವರ್ಷಕ್ಕೆ ಮೂರೂವರೆ ಕಿಲೋ ಮೀರುತ್ತದೆ.

ಇದನ್ನು ಮೊದಲು ತಿಳಿಸುವುದು ಉಡಿದಾರ. ಕಳೆದ ದೀಪಾವಳಿಯ ನಂತರ ನಾನೇ ನನ್ನದನ್ನು ಸಡಿಲಿಸಿಕೊಂಡೆ. ಯುಗಾದಿ ಬಂದರೂ ಬಿಗಿ ಮಾಡುವ ಪ್ರಸಂಗ ಬರಲಿಲ್ಲ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಭಯ ಹೆಚ್ಚು.

ಮಾಡಬೇಕಾದದ್ದು ಇಷ್ಟು:

1. ಹಬ್ಬದ ಊಟ ಹಬ್ಬದ ದಿನಕ್ಕೇ ಮುಗಿಯಲಿ. ಚಕ್ಕುಲಿ, ಕರ್ಜಿಕಾಯಿಗಳನ್ನು ಅಳತೆಯಲ್ಲಿ ಮಾಡಿ, ಮಿಕ್ಕದ್ದನ್ನು ನೆರೆಹೊರೆಗೆ ಹಂಚಿರಿ.

2. ಮರುದಿನವೇ ಮುದ್ದೆ ಅಥವಾ ರೊಟ್ಟಿ, ಸೊಪ್ಪಿನ ಸಾರು, ಮಜ್ಜಿಗೆಗೆ ಮರಳಿರಿ. ಕೆಲಸ ಕಡಿಮೆಯಿದ್ದ ದಿನ ಮುದ್ದೆಯೂ ಸಣ್ಣದಿರಲಿ.

3. ಹತ್ತಿರದ ಹೊಲಕ್ಕೆ ನಡೆದೇ ಹೋಗಿರಿ.

4. ಹಬ್ಬಗಳ ಮೊದಲಿಗೂ ಕೊನೆಗೂ ಹೊಟ್ಟೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡಿರಿ.

ಎರಡೆಲೆಯ ಕಳೆಯನ್ನು ಬೆರಳಿನಿಂದ ಕೀಳಬಹುದು. ಬಲಿತರೆ ಗುದ್ದಲಿಯೇ ಬೇಕು. ಈ ತೂಕವೂ ಹಾಗೆಯೇ.

— ಗ್ರಾಮಸೇವಕ