ಕೈಯ ಗುರುತು, ಕಿವಿಯ ಓದು

1841ರಲ್ಲಿ ನಿಪ್ಪಾಣಿ ಕೋಟೆಯಲ್ಲಿ ದಂಗೆ ಎದ್ದಿತು. ಪಲ್ಟನ್ ಇದ್ದದ್ದು ಬೆಳಗಾವಿಯ ಕ್ಯಾಂಪಿನಲ್ಲಿ, 75 ಕಿಲೋಮೀಟರಿನಷ್ಟು ದೂರ. ಕುದುರೆ ಓಡಿದಷ್ಟೇ ಸುದ್ದಿ ಓಡುತ್ತಿದ್ದ ಕಾಲ ಅದು. ಬೇರೆ ದಾರಿ ಇರಲಿಲ್ಲವೆಂದಲ್ಲ. ಎರಡು ವರ್ಷ ಮೊದಲೇ, 1839ರಲ್ಲಿ, ವಿಲಿಯಂ ಓಶಾಗ್ನೆಸಿ ಎಂಬ ಡಾಕ್ಟರು ಕಲ್ಕತ್ತೆಯಲ್ಲಿ ಬಿದಿರುಗಳಿಗೆ ತಂತಿ ಕಟ್ಟಿ ವಿದ್ಯುತ್ತಿನಿಂದ ಸಂದೇಶ ಕಳಿಸಿ ತೋರಿಸಿದ್ದರು. ಕಂಪನಿ ಸರ್ಕಾರ ಸುಮಾರು ಹತ್ತು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ. 1850ರಲ್ಲಿ ಕಣ್ಣು ತೆರೆದ ಮೇಲೆ ಮಾತ್ರ ಕೆಲಸ ಭರಭರನೆ ನಡೆಯಿತು. 1855ರ ಹೊತ್ತಿಗೆ ಕಲ್ಕತ್ತ, ಆಗ್ರಾ, ಮುಂಬಯಿ, ಮದ್ರಾಸು ಒಂದೇ ತಂತಿಯಲ್ಲಿ ಸೇರಿದ್ದವು. 1857ರ ಮೇ 11ರಂದು ದಿಲ್ಲಿಯ ತಂತಿ ಕಚೇರಿಯ ಇಬ್ಬರು ಹುಡುಗರು, ಬ್ರೆಂಡಿಶ್ ಮತ್ತು ಪಿಲ್ಕಿಂಗ್ಟನ್, ಅಂಬಾಲಕ್ಕೆ ಕಳಿಸಿದ ಸುದ್ದಿ ಸಿಪಾಯಿ ದಂಗೆಗಿಂತ ಮುಂದಾಗಿ ಪಂಜಾಬ್ ಮುಟ್ಟಿತು. ಅಲ್ಲಿಂದ ಮುಂದೆ ತಂತಿಯೆಂದರೆ ದಂಡಿನ ಆಯುಧವೇ ಆಯಿತು.

ಈ ಕಸುಬಿನಲ್ಲಿ ಯಂತ್ರದ ಪಾಲು ಬಹಳ ಕಡಿಮೆ. ಒಂದು ತಂತಿ, ಒಂದಷ್ಟು ಸೆಲ್ಲು, ಒತ್ತುವ ಕೀಲಿ, ಟಕ್ಕೆನ್ನುವ ಸೌಂಡರು, ಇಷ್ಟೇ. ಉಳಿದದ್ದೆಲ್ಲ ಕೂತವನ ಕೈ ಮತ್ತು ಕಿವಿ.

ತಂತಿಯಿಂದಲೇ ಶುರು ಮಾಡೋಣ. ಓಶಾಗ್ನೆಸಿ ಮೊದಲು ಎಳೆಸಿದ್ದು ತಂತಿಯಲ್ಲ, ಕಬ್ಬಿಣದ ಸರಳು ಎನ್ನಬೇಕು, ಅಷ್ಟು ದಪ್ಪ. ಮಂಗ ಜೋತಾಡಿದರೂ ಹದ್ದಿನ ಹಿಂಡು ಕೂತರೂ ತಡೆಯಬೇಕಿತ್ತು. ಗೆದ್ದಲು ಕಟ್ಟಿಗೆ ಉಳಿಸದ ದಕ್ಷಿಣದ ಕೆಲವೆಡೆ ಕಲ್ಲುಕಂಬಗಳನ್ನೇ ನೆಟ್ಟರು. ಹೋಗಲು ಒಂದು, ಬರಲು ಒಂದು ಎಂದು ಎರಡು ತಂತಿ ಬೇಕಾಗಲಿಲ್ಲ. ಮರಳಿ ಬರುವ ದಾರಿಗೆ ನೆಲವೇ ಸಾಕೆಂದು ಜರ್ಮನಿಯ ಸ್ಟೈನ್‌ಹೈಲ್ 1838ರಲ್ಲೇ ಕಂಡುಕೊಂಡಿದ್ದರು. ಎರಡೂ ತುದಿಯಲ್ಲಿ ಒಂದೊಂದು ಲೋಹದ ತಗಡು ಹೂತರೆ ಭೂಮಿಯೇ ಎರಡನೆಯ ತಂತಿ.

ಅಥಣಿ, ರಾಯಬಾಗದ ಎರೆಮಣ್ಣು ಇಲ್ಲಿ ತನ್ನ ಸ್ವಭಾವ ತೋರಿಸುತ್ತದೆ. ಮಳೆಗಾಲದಲ್ಲಿ ನೀರು ಹಿಡಿದ ಎರೆ ವಿದ್ಯುತ್ತಿಗೆ ಒಳ್ಳೆಯ ದಾರಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಟ್ಟಾಗ ತಗಡಿಗೂ ಮಣ್ಣಿಗೂ ಸಂಬಂಧ ಕಡಿಯುತ್ತದೆ. ಕೊಡದಲ್ಲಿ ನೀರು ತಂದು ಸುರಿಯಬೇಕು. ಮಳೆಗಾಲದಲ್ಲಿ ತೊಂದರೆ ಮೇಲಿನದು: ಕಂಬದ ಪಿಂಗಾಣಿ ಬಟ್ಟಲು ತೊಯ್ದು, ತಂತಿಯ ವಿದ್ಯುತ್ತು ಕಂಬಕಂಬದಲ್ಲೂ ಸೋರುತ್ತದೆ. ಆ ಬಟ್ಟಲಿನೊಳಗೆ ಇನ್ನೊಂದು ಬಟ್ಟಲು ಇರುವುದು ಇದಕ್ಕಾಗಿಯೇ, ಒಳಗಿನದಾದರೂ ಒಣಗಿರಲಿ ಎಂದು. ವಿದ್ಯುತ್ತು ಕೊಡುತ್ತಿದ್ದದ್ದು ಮಿನೊಟ್ಟೊ ಸೆಲ್ಲು. ಅಡಿಗೆ ತಾಮ್ರ, ಮೇಲೆ ಮೈಲುತುತ್ತ, ನಡುವೆ ಮರಳು ಇಲ್ಲವೆ ಕಟ್ಟಿಗೆಪುಡಿ, ಎಲ್ಲಕ್ಕೂ ಮೇಲೆ ಸತು. ಒಂದರಿಂದ ಸಿಗುವುದು ಒಂದು ವೋಲ್ಟಿಗಿಂತ ತುಸು ಹೆಚ್ಚು, ಹಾಗಾಗಿ ಸಾಲುಸಾಲಾಗಿ ಜೋಡಿಸುತ್ತಿದ್ದರು.

ಇನ್ನು ಸೌಂಡರು. ಸಿನಿಮಾದಲ್ಲಿ ತಂತಿ ಎಂದರೆ ಪೀಂಪೀಂ ಸದ್ದು, ಅದು ರೇಡಿಯೊದವರದು. ಸೌಂಡರು ಎಂದೂ ಹಾಗೆ ಕೂಗಿದ್ದಲ್ಲ. ಕೀಲಿ ಒತ್ತಿದಾಗ ಅತ್ತ ತುದಿಯಲ್ಲಿ ವಿದ್ಯುತ್ಕಾಂತ ಒಂದು ಲೋಹದ ತೋಳನ್ನು ಕೆಳಗೆಳೆಯುತ್ತದೆ, ಟಕ್. ಬಿಟ್ಟಾಗ ಸ್ಪ್ರಿಂಗು ಮೇಲಕ್ಕೆಳೆಯುತ್ತದೆ, ಮತ್ತೆ ಟಕ್, ಸ್ವಲ್ಪ ಬೇರೆ ದನಿಯಲ್ಲಿ. ಮೋರ್ಸ್ ಅಕ್ಷರಗಳೆಲ್ಲ ಚುಕ್ಕೆ, ಗೀಟುಗಳ ಜೋಡಣೆ. ಚುಕ್ಕೆಗೂ ಎರಡು ಟಕ್, ಗೀಟಿಗೂ ಎರಡು ಟಕ್. ವ್ಯತ್ಯಾಸ ಇರುವುದು ಎರಡರ ನಡುವಿನ ಮೌನದಲ್ಲಿ. ಗೀಟು ಮೂರು ಚುಕ್ಕೆಯಷ್ಟು ಉದ್ದ. ಅಕ್ಷರದೊಳಗಿನ ಬಿಡುವು ಒಂದು ಚುಕ್ಕೆ, ಅಕ್ಷರಗಳ ನಡುವೆ ಮೂರು. ಪಳಗಿದವನು ನಿಮಿಷಕ್ಕೆ ಇಪ್ಪತ್ತು ಪದ ಹಿಡಿಯುತ್ತಿದ್ದ, ಅಂದರೆ ನೂರು ಅಕ್ಷರ. ಆ ವೇಗದಲ್ಲಿ ಚುಕ್ಕೆ ಎಣಿಸುವವನು ಮುಳುಗಿದ. ತಬಲಾದ ಬೋಲು ಗುರುತಿಸುವ ಹಾಗೆ ಇಡೀ ಅಕ್ಷರದ ಲಯವನ್ನೇ ಹಿಡಿಯಬೇಕು. ಇನ್ನೂ ಪಳಗಿದರೆ ಇಡೀ ಪದದ ಲಯವನ್ನು. ಬರೆಯುವ ಕೈ ಕೇಳುವ ಕಿವಿಗಿಂತ ಎರಡು ಮೂರು ಪದ ಹಿಂದೆ ಇರುತ್ತದೆ, ಮುಂದಿನದು ಆಗಲೇ ಕಿವಿಗೆ ಬೀಳುತ್ತಿರುತ್ತದೆ. ನನ್ನ ಮಟ್ಟಿಗೆ ಈ ಕಸುಬಿನ ಅತಿ ಸೊಗಸಾದ ಭಾಗ ಇದೇ. ನಿಪ್ಪಾಣಿಯ ತಂಬಾಕು ವ್ಯಾಪಾರಿಗೆ ಹಿಡಿಸುವ ಸಂಗತಿಯೂ ಒಂದಿದೆ: ಅಮೆರಿಕದ ತಂತಿಯವರು ಸೌಂಡರಿನ ಹಿಂದೆ ತಂಬಾಕಿನ ಖಾಲಿ ತಗಡಿನ ಡಬ್ಬಿ ಸಿಗಿಸಿ ಸದ್ದು ಹೆಚ್ಚಿಸಿಕೊಳ್ಳುತ್ತಿದ್ದರು.

ನಮ್ಮ ಸೀಮೆಯಲ್ಲಿ ಈ ವಿದ್ಯೆ ಹಗಲು ರಾತ್ರಿ ದುಡಿದದ್ದು ರೈಲು ಸ್ಟೇಶನ್ನುಗಳಲ್ಲಿ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀರಜದಿಂದ ಬೆಳಗಾವಿಯ ಕಡೆ ಮೀಟರ್ ಗೇಜ್ ಹಳಿ ಹಾಕಿತು. ಇಂದಿನ ಕಾಗವಾಡ ತಾಲೂಕಿನ ಶೇಡಬಾಳ, ಉಗಾರ. ಕೃಷ್ಣೆ ದಾಟಿ ಕುಡಚಿ. ಆಮೇಲೆ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ಈ ಕೊನೆಯದು ಹೆಸರಿಗಷ್ಟೇ ಚಿಕ್ಕೋಡಿಯದು, ಇಳಿದವರು ಊರು ಮುಟ್ಟಲು ಇನ್ನೂ ಬಹಳ ದಾರಿ ಸವೆಸಬೇಕು. ಅಥಣಿ, ನಿಪ್ಪಾಣಿಗಳಿಗಂತೂ ಹಳಿಯೇ ಬರಲಿಲ್ಲ. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬರದಂತೆ ಕಾಯುತ್ತಿದ್ದದ್ದು ತಂತಿ. ಮುಂದಿನ ಸ್ಟೇಶನ್ನಿಗೆ ಹಳಿ ಖಾಲಿ ಇದೆಯೇ ಎಂದು ಮಾಸ್ತರು ಕೀಲಿಯಲ್ಲಿ ಕೇಳಬೇಕು, ಉತ್ತರ ಬಂದ ಮೇಲೆ ಲೈನ್‌ಕ್ಲಿಯರ್ ಚೀಟಿ ಬರೆದು ಡ್ರೈವರನ ಕೈಗೆ ಕೊಡಬೇಕು. ಒಂದು ಅಕ್ಷರ ತಪ್ಪಿ ಕೇಳಿಸಿದರೂ ನೂರಾರು ಜೀವದ ಪ್ರಶ್ನೆ.

ದಂಡಿನ ತಂತಿಗೆ ಕಂಬ ನೆಡುವ ಪುರುಸೊತ್ತು ಇರುವುದಿಲ್ಲ. ನೆಲದ ಮೇಲೆ ಬಿಚ್ಚುತ್ತ ಹೋಗಬೇಕು, ಅದು ಸೋರುತ್ತಲೇ ಇರುತ್ತದೆ. ಕ್ಯಾಪ್ಟನ್ ಕಾರ್ಡ್ಯೂ ಎಂಬವರ ಕಂಪನ ಯಂತ್ರ 1884–85ರ ನೈಲ್ ದಂಡಯಾತ್ರೆಯಲ್ಲಿ ಇಂಥ ಸೋರುವ ತಂತಿಯ ಮೇಲೂ ಗುಂಯ್‌ಗುಟ್ಟಿ ಕೆಲಸ ಮಾಡಿತು. ತಂತಿಯೇ ಇಲ್ಲದ ಕಡೆ ಹೀಲಿಯೊಗ್ರಾಫ್. 1869ರಲ್ಲಿ ಕರಾಚಿಯಲ್ಲಿ ಹೆನ್ರಿ ಮ್ಯಾನ್ಸ್ ರೂಪಿಸಿದ ಈ ಕನ್ನಡಿ ಬಿಸಿಲನ್ನೇ ಮಿನುಗಿಸಿ ಅದೇ ಮೋರ್ಸ್ ಅಕ್ಷರಗಳನ್ನು ಸುಮಾರು 50 ಕಿಲೋಮೀಟರ್ ದೂರಕ್ಕೆ ಮುಟ್ಟಿಸುತ್ತಿತ್ತು. ಈ ಕೆಲಸವೆಲ್ಲ ಮೊದಲು ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ಪಡೆಯದು. 1911ರ ಫೆಬ್ರುವರಿ 15ರಂದು ಫತೇಗಢದಲ್ಲಿ ಪ್ರತ್ಯೇಕ ಸಿಗ್ನಲ್ ಕಂಪನಿಗಳು ಎದ್ದವು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನೆಲದ ಉಪಕಾರವೇ ಮುಳುವಾಯಿತು. ಮಣ್ಣಿನೊಳಗೆ ಮರಳುವ ಸದ್ದನ್ನು ವೈರಿಯೂ ಗೂಟ ಹೂತು ಕೇಳತೊಡಗಿದ. 1915ರಲ್ಲಿ ಫುಲ್ಲರ್ ಎಂಬ ಅಧಿಕಾರಿ ಮಾಡಿದ ಯಂತ್ರ ಅತಿ ಸಣ್ಣ, ಸದ್ದಿಲ್ಲದ ವಿದ್ಯುತ್ತನ್ನು ಕಳಿಸಿ, ಕೇಳುವವನ ಹತ್ತಿರ ಮಾತ್ರ ಅದನ್ನು ಸದ್ದಾಗಿಸುತ್ತಿತ್ತು. ಆದರೂ ಒಂದು ಗುಟ್ಟು ಯಾವ ಯಂತ್ರದಿಂದಲೂ ಮುಚ್ಚಿಡಲು ಆಗಲಿಲ್ಲ. ಒಬ್ಬೊಬ್ಬನ ಕೈಗೂ ತನ್ನದೇ ಲಯ. ಎರಡನೆಯ ಮಹಾಯುದ್ಧದಲ್ಲಿ ಕದ್ದು ಕೇಳುವವರು, ಸಂದೇಶ ಬಿಡಿಸಲು ಬಾರದಿದ್ದರೂ, ಕೀಲಿ ಒತ್ತುವವನ ಕೈ ಗುರುತಿಸಿಯೇ ಯಾವ ಪಡೆ ಎಲ್ಲಿಗೆ ಸರಿದಿದೆ ಎಂದು ಲೆಕ್ಕ ಹಾಕುತ್ತಿದ್ದರು.

1942ರ ಚಳವಳಿಯಲ್ಲಿ ಬೆಳಗಾವಿ ಜಿಲ್ಲೆಯ ಭೂಗತ ತಂಡಗಳು ತಂತಿ ಕತ್ತರಿಸಿದವು. ರಾತ್ರಿ ಕತ್ತರಿಸಿದ ಜಾಗವನ್ನು ಬೆಳಿಗ್ಗೆ ಹುಡುಕುವುದು ಬೇರೆಯೇ ಕಸುಬು, ಅದಕ್ಕೆ ಕಿವಿಯಲ್ಲ, ಲೆಕ್ಕ ಬೇಕು. ತುಂಡಾದ ತುದಿ ನೆಲಕ್ಕೆ ತಾಗಿದ್ದು, ಮೈಲಿಗೆ 13 ಓಮ್ ತಡೆ ಇರುವ ತಂತಿಯಲ್ಲಿ ಅಳತೆ 130 ಎಂದು ಬಂತೆನ್ನಿ, ತುಂಡಾದದ್ದು 10 ಮೈಲಿ ಆಚೆ. ಆದರೆ ತುಂಡು ಬಿದ್ದದ್ದು ಒಣ ಎರೆಯ ಮೇಲಾದರೆ ಮಣ್ಣಿನ ತಡೆಯೂ ಸೇರಿ ಜಾಗ ದೂರ ಕಾಣಿಸುತ್ತದೆ. ಹಾಗಾಗಿ ಎರಡೂ ಕಡೆಯ ಸ್ಟೇಶನ್ನಿನಿಂದ ಅಳೆಯಬೇಕು. ಎರಡು ಅಳತೆ ಕೂಡಿಸಿದಾಗ ಇಡೀ ದಾರಿಗಿಂತ ಹೆಚ್ಚು ಬಂದದ್ದೆಷ್ಟೋ, ತುದಿಗಳೆರಡೂ ಒಂದೇ ಥರದ ಮಣ್ಣಿನಲ್ಲಿ ಬಿದ್ದಿದ್ದರೆ, ಅದರಲ್ಲಿ ಅರ್ಧವನ್ನು ಒಂದೊಂದು ಕಡೆಯಿಂದ ಕಳೆದು, ಉಳಿದ ಮೈಲಿಯನ್ನು ಲೈನ್‌ಮನ್ನಿಗೆ ಹೇಳಿ ಕಳಿಸುತ್ತಿದ್ದರು.